ಒಳಸುತ್ತಿನ ರುಮಾಲು

ತಾರಣ ಸಂವತ್ಸರ (೧೯೪೪), ಚೈತ್ರ ಬಹುಳ ತದಿಗೆ. ರಾಯಚೂರು

ನಿನ್ನೆ ಅಪ್ಪನನ್ನು ಚಂದ್ರಬಂಡದ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಬಂದೆವು. ನನಗೆ ನಿದ್ದೆ ಬೇಕು, ಬೇರೇನೂ ಬೇಡ. ಮನೆ ತುಂಬ ನೆಂಟರು. ಒಬ್ಬರಿಗೆ ನೀರು ಬೇಕು, ಒಬ್ಬರಿಗೆ ಚಾಪೆ, ಇನ್ನೊಬ್ಬರಿಗೆ ಜೊತೆಗೆ ಕೂತು ಅಳುವವರು. ಎಲ್ಲಕ್ಕೂ ಮಹಾಂತಮ್ಮನೇ ಆಗಬೇಕು. ಗಂಡ ಸತ್ತು ತವರಿಗೆ ಬಂದವಳಿಗೆ ಅನ್ನ ಹಾಕುತ್ತಾರೆ, ಕೂರಲು ಮಾತ್ರ ಬಿಡುವುದಿಲ್ಲ.

ಒಂದು ಸಂಗತಿ ಯಾರಿಗೂ ಹೇಳಿಲ್ಲ. ಮಠದ ಅಯ್ಯನವರು ಕಲಿಸಿದ ನಾಲ್ಕು ಅಕ್ಷರ ಇವೆಯಲ್ಲ, ಇಲ್ಲಿಯಾದರೂ ಬರೆದಿಡೋಣ ಎಂದು ಕೂತಿದ್ದೇನೆ.

ಜರಿಸೀರೆಯ ವ್ಯಾಪಾರದ ನಮ್ಮಪ್ಪ, ಜರದ ಆದೆಪ್ಪ ಎಂದರೆ ಗದ್ವಾಲದಿಂದ ಸುರಪುರದವರೆಗೆ ದೊಡ್ಡ ಮನೆಗಳಲ್ಲಿ ಗೊತ್ತಿತ್ತು. ರಾಣಿಯರಿಗೆ, ಬೇಗಮರಿಗೆ, ದೇಸಾಯರ ಹೆಂಡಂದಿರಿಗೆ ಮದುವೆಯ ಸೀರೆ ಎಂದರೆ ನಮ್ಮ ಅಂಗಡಿಯದೇ. ಯಾವುದೋ ಸಂಸ್ಥಾನದ ದೊರೆಗೆಂದು ಅಪ್ಪ ಒಂದು ಕೆಂಪು ರುಮಾಲು ನೇಯಿಸಿದ್ದ, ಅಂಗೈಯಗಲ ಅಂಚು ಪೂರಾ ಚಿನ್ನದ ಜರ. ದೊರೆ ಸುತ್ತಿಕೊಳ್ಳುವ ಮೊದಲೇ ತೀರಿಕೊಂಡ. ಅದು ಅಪ್ಪನ ಸಂದೂಕದಲ್ಲೇ ಉಳಿಯಿತು. ದಸರೆಗೊಮ್ಮೆ ಅದನ್ನು ಸುತ್ತಿಕೊಂಡು ಗಾದಿಯ ಮೇಲೆ ಕೂರುತ್ತಿದ್ದ. ಆ ರುಮಾಲು ಯಾರ ತಲೆಯ ಮೇಲೋ ಅವರೇ ಯಜಮಾನರು ಎಂದು ಗಿರಾಕಿಗಳೂ ತಿಳಿದಿದ್ದಾರೆ.

ಹೋದ ವಾರ ಅಪ್ಪ ನನ್ನನ್ನು ಹತ್ತಿರ ಕರೆದ. "ಆ ಜರದ ರುಮಾಲು ನನ್ನ ಕೂಡ ಹೋಗ್ಲಿ ಮಹಾಂತಿ. ಇಬ್ಬರಾಗ ಯಾರಿಗೆ ಕೊಟ್ರೂ ಇನ್ನೊಬ್ಬ ಮನಿ ಒಡೀತಾನ" ಎಂದು ಸಂದೂಕದ ಕೀಲಿ ಕೊಟ್ಟ.

ಅಪ್ಪನ ಕೈ ನಡುಗಲು ಶುರುವಾದಾಗಿನಿಂದ ದಿನಾ ಬೆಳಿಗ್ಗೆ ರುಮಾಲು ಸುತ್ತುತ್ತಿದ್ದವಳು ನಾನೇ. ಹಾಗಾಗಿ ನಿನ್ನೆಯೂ ಆ ಕೆಲಸ ನನಗೇ ಬಿಟ್ಟರು. ಸ್ನಾನ ಮಾಡಿಸಿ ಕುಳ್ಳಿರಿಸಿದ ಮೇಲೆ ಗಂಡಸರು ಅಪ್ಪನನ್ನು ಕೂರಿಸಿ ಹೊರುವ ವಿಮಾನ ಕಟ್ಟಲು ಹೊರಗೆ ಹೋದರು. ನಾನು ಒಳಗೆ ಜರದ ರುಮಾಲು ಸುತ್ತಿ, ಅದರ ಮೇಲೆ ಬಿಳಿಯದನ್ನು ಸುತ್ತಿ, ವಿಭೂತಿ ಹಚ್ಚಿದೆ. ಕೀಲಿಯನ್ನು ಅಪ್ಪನ ದಿಂಬಿನ ಕೆಳಗೆ ಇಟ್ಟೆ. ಯಾರಿಗೂ ಗೊತ್ತಾಗಲಿಲ್ಲ.

ಹನ್ನೊಂದನೆಯ ದಿನ ಎಲ್ಲರ ಮುಂದೆ ಹೇಳಿದರಾಯಿತು.

ಚೈತ್ರ ಬಹುಳ ಷಷ್ಠಿ

ತಮ್ಮಂದಿರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ದೊಡ್ಡವನು ಪಂಪಣ್ಣ ಅಂಗಡಿ ನೋಡುತ್ತಾನೆ. ಅವನಿಗೆ ಬಣ್ಣ ತಿಳಿಯುವುದಿಲ್ಲ, ಆದರೆ ಗಾದಿ ಬೇಕು. ಸಣ್ಣವನು ಅಮರಪ್ಪ, ನಮ್ಮ ಅಮರು, ದೇವದುರ್ಗದಲ್ಲಿ ಮಗ್ಗದ ಮನೆ ಅವನದು. ಅವನಿಗೆ ಎಲ್ಲ ತಿಳಿಯುತ್ತದೆ, ಬಾಯಿ ಮಾತ್ರ ಬಿಗಿ ಇಲ್ಲ. ಅವನನ್ನು ಹೆತ್ತ ಮೇಲೆ ಅವ್ವ ಮಲಗಿಬಿಟ್ಟಿದ್ದಳು. ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಇಂದು ಊರಿಗೆ ಹೊರಡುವಾಗ, "ಅಕ್ಕಾ, ನೀ ಉಂಡೀಯಿಲ್ಲೋ" ಎಂದು ಅವನೊಬ್ಬನೇ ಕೇಳಿದ.

ಅವ್ವ ಮಜ್ಜಿಗೆಯ ಚೆಂಬು ಹಿಡಿದು ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ರೂಢಿಯ ಬಲದಿಂದ. ಕೈಯಲ್ಲಿದ್ದ ಸೀರೆಯನ್ನು ಪೂರಾ ಮಡಿಚಿ ಮುಗಿಸುವ ತನಕ ಅಪ್ಪ ಯಾರ ಕಡೆಗೂ ತಲೆ ಎತ್ತುತ್ತಿರಲಿಲ್ಲ. ಅವ್ವ ತನ್ನ ಅರ್ಧ ಆಯುಷ್ಯ ಹಾಗೆ ನಿಂತೇ ಕಳೆದಳು. ಅಪ್ಪನ ಆ ಚಾಳಿ ನನಗೆ ಎಂದೂ ಸೇರಲಿಲ್ಲ.

ಚೈತ್ರ ಬಹುಳ ದ್ವಾದಶಿ

ಹೇಳಲಿಲ್ಲ. ಹೇಳಲು ಹೋದೆ, ಆಗಲಿಲ್ಲ.

ಮಾನ್ವಿಯಿಂದ ಸೋದರಮಾವ ವಿರೂಪಣ್ಣ ಬಂದಿದ್ದರು. ನಮ್ಮಲ್ಲಿ ಯಜಮಾನಿಕೆಯ ರುಮಾಲು ಸುತ್ತುವುದು ಸೋದರಮಾವನ ಕೈಯಿಂದ. ಅಯ್ಯನವರ ಪೂಜೆ, ಪ್ರಸಾದ ಎಲ್ಲ ಮುಗಿದ ಮೇಲೆ, "ಸಂದೂಕ ತೆಗೀರಿ" ಎಂದರು. ತೆಗೆದರೆ ಒಣಗಿದ ಬೇವಿನ ಎಲೆ ಬಿಟ್ಟು ಏನೂ ಇಲ್ಲ.

ಪಂಪಣ್ಣನ ಮುಖ ಕಪ್ಪಿಟ್ಟಿತು. "ಕಡೀ ದಿವ್ಸ ಅಪ್ಪನ ಕಾಟಿನ ಬಾಜೂಕ್ಕ ಮಲಗಿದಾಂವ ಯಾರು? ನಾನಂತೂ ಅಲ್ಲ" ಎಂದ.

ಅಮರು ಸುಮ್ಮನಿರಲಿಲ್ಲ. "ಮನಿ ಕೀಲಿ ಎಲ್ಲಾ ಯಾರ ಸೊಂಟದಾಗ ಅವ, ಅದನ್ನೂ ಕೇಳ್ರಿ ಮಾವ" ಎಂದ.

ಕೈ ಕೈ ಹತ್ತುವ ಹಾಗಾಯಿತು. ನಾನು ಅಡಿಗೆಮನೆಯಿಂದ ಪಡಸಾಲೆಗೆ ಬಂದು, "ಪಂಪಣ್ಣ, ನಂದೊಂದು ಮಾತು ಕೇಳು" ಎಂದೆ. ಅವನು ತಿರುಗಿ ಕೂಡ ನೋಡಲಿಲ್ಲ. "ಅಕ್ಕಾ, ಒಳಗ ಹೋಗು. ಇದು ಗಂಡಸರ ಮಾತು. ನೀ ಉಂಡು ಕುಂದರು" ಎಂದ.

ಉಂಡು ಕುಂದರು. ಇಷ್ಟು ವರ್ಷ ಈ ಅಂಗಡಿಯಿಂದ ಹೊರಗೆ ಹೋದ ಒಂದೊಂದು ಸೀರೆಯನ್ನೂ ಬೆಳಕಿಗೆ ಹಿಡಿದು ನೋಡಿ, ಎಳೆ ತಪ್ಪಿದ್ದನ್ನು ತೆಗೆದಿಟ್ಟವಳು ನಾನು. ನೆಂಟರೆಲ್ಲ ಕೇಳಿಸಿಕೊಂಡರು. ಒಳಗೆ ಬಂದು ಪಾತ್ರೆ ತಿಕ್ಕಿದೆ. ಒಂದು ದಿನ ಒದ್ದಾಡಲಿ, ನಾಳೆ ಹೇಳುತ್ತೇನೆ.

ಚೈತ್ರ ಬಹುಳ ಚತುರ್ದಶಿ

ಪಂಪಣ್ಣ ಠಾಣೆಗೆ ಹೋಗಿ ಪೊಲೀಸ್ ಅಮೀನರಿಗೆ ಹೇಳಿ ಬಂದಿದ್ದಾನೆ. ಸ್ವಂತ ತಮ್ಮನ ಮೇಲೆ ಕಳವಿನ ಫಿರ್ಯಾದು. ನನಗೆ ಹೇಳದೆ ಹೋದ. ಅವ್ವ ಉಣ್ಣಲಿಲ್ಲ. ನನಗೂ ಆಗಲಿಲ್ಲ. ಮೊದಲು ಅಮರುವಿನ ಮುಂದೆ ಹೇಳಿ, ಆಮೇಲೆ ಉಳಿದವರ ಮುಂದೆ ಹೇಳುವುದು ಸರಿ. ಬಸ್ಸು ಸಿಕ್ಕ ದಿನ ದೇವದುರ್ಗಕ್ಕೆ ಹೋಗುತ್ತೇನೆ.

ವೈಶಾಖ ಶುದ್ಧ ಬಿದಿಗೆ. ದೇವದುರ್ಗ

ತಡವಾಗಿ ಬಂದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ನಾನು ಮುಟ್ಟುವಷ್ಟರಲ್ಲಿ ಅಮೀನ್ ಶಂಶುದ್ದೀನ್ ಸಾಹೇಬರು ಮಗ್ಗದ ಮನೆಯನ್ನೆಲ್ಲ ಜಾಲಾಡಿ, ಹಿತ್ತಿಲಿನ ಒಲೆಯ ಹತ್ತಿರ ನಿಂತಿದ್ದರು. ಒಲೆಯಲ್ಲಿ ಬೂದಿ, ಅವರ ಕೈಯಲ್ಲಿ ನಿಂಬೆಕಾಯಿ ಗಾತ್ರದ ಬೆಳ್ಳಿಯ ಗಟ್ಟಿ. ಒಂದು ಕಡೆ ಹಳದಿ ಹೊಳಪು.

ಯುದ್ಧ ಶುರುವಾದಾಗಿನಿಂದ ಸೂರತ್ತಿನ ಜರ ಬರುವುದು ನಿಂತಿದೆ. ಅದಕ್ಕೇ ಅಮರು ಹರಿದ ಹಳೆ ಸೀರೆಗಳನ್ನು ಕೊಂಡು ತಂದು ಸುಡುತ್ತಾನೆ. ರೇಷ್ಮೆ ಬೂದಿಯಾಗುತ್ತದೆ, ಜರದ ಬೆಳ್ಳಿ ಬಂಗಾರ ಉಳಿಯುತ್ತದೆ. ನಮ್ಮ ಕಸುಬಿನವರೆಲ್ಲ ಮಾಡುವುದೇ. ಆದರೆ ಅಪ್ಪ ಸತ್ತು ತಿಂಗಳಾಗಿಲ್ಲ, ರುಮಾಲು ಕಳೆದಿದೆ, ಇಂಥ ಹೊತ್ತಿನಲ್ಲಿ ಸುಡಬೇಕೇ? ಅವನಿಗೆ ಮುಂದಿನದು ಹೊಳೆಯುವುದಿಲ್ಲ.

"ಸಾಹೇಬ್ರ, ಇದು ಹಳೇ ಸೀರಿ ಸುಟ್ಟಿದ್ದು" ಎನ್ನುತ್ತಿದ್ದ ಅಮರು.

"ಹಂಗಾರ ಆ ಸೀರಿ ತೋರ್ಸು" ಎಂದರು ಅಮೀನರು.

"ಸುಟ್ಟ ಮ್ಯಾಲೆ ಏನ್ ತೋರಸ್ಲಿರಿ?"

ಅಮೀನರು ಒಳ್ಳೆಯ ಮನುಷ್ಯ. ನನ್ನನ್ನು ನೋಡಿ ನೆರಳಿಗೆ ಕರೆದರು. "ಅಮ್ಮಾ, ನೀವು ಮನೀ ಹಿರಿಯಾಕಿ. ಇದು ರುಮಾಲಿಂದು ಅಲ್ಲ, ರುಮಾಲು ಬ್ಯಾರೆ ಕಡಿ ಅದ ಅಂತ ನಿಮಗ ಖಾತ್ರಿ ಇದ್ರ ಹೇಳ್ರಿ. ಇವನ್ನ ಇಲ್ಲೇ ಬಿಟ್ಟು ಹೋಗ್ತೀನಿ" ಎಂದರು.

ಬಾಗಿಲಲ್ಲಿ ಓಣಿಯ ಜನರೆಲ್ಲ ನೆರೆದಿದ್ದರು. ಹೇಳಿದರೆ ಮುಂದಿನ ಪ್ರಶ್ನೆ, ರುಮಾಲು ಎಲ್ಲಿದೆ? ಆಮೇಲೆ ಗುದ್ದಲಿ ಹಿಡಿದು ಚಂದ್ರಬಂಡಕ್ಕೆ ಹೋಗುವುದು. ಕೈಯಲ್ಲಿ ಲಿಂಗ ಇಟ್ಟು ಕೂರಿಸಿದ ಅಪ್ಪನ ತಲೆಯನ್ನು ಪೊಲೀಸರು ಬಿಚ್ಚುವುದು. "ನನಗ ಗೊತ್ತಿಲ್ರಿ ಸಾಹೇಬ್ರ" ಎಂದೆ.

ಅಮರುವನ್ನು ಕರೆದುಕೊಂಡು ಹೋದರು. ಹೋಗುವಾಗ, "ಅಕ್ಕಾ, ಅಳಬ್ಯಾಡ. ಬಿಸಲಾಗ ಬಂದೀದಿ, ಮಜ್ಜಿಗಿ ಕುಡಿ" ಎಂದು ಹೆಂಡತಿ ಬಸಲಿಂಗಮ್ಮನಿಗೆ ಕೈ ಮಾಡಿ ತೋರಿಸಿದ. ಮಜ್ಜಿಗೆ ಕುಡಿಯದೆ ಚೆಂಬು ಕೆಳಗಿಟ್ಟೆ. ನಾನು ಹೇಳಲೇಬೇಕು. ಮಾನ್ವಿಯ ಮಾವನ ಮುಂದೆ ಹೇಳುತ್ತೇನೆ, ಅವರು ದಾರಿ ತೋರಿಸುತ್ತಾರೆ.

ವೈಶಾಖ ಶುದ್ಧ ಅಷ್ಟಮಿ. ಮಾನ್ವಿ

ಮಾವ ಅಕ್ಕಿ ಗಿರಣಿಯಲ್ಲಿದ್ದರು. ಹುಬ್ಬಿನ ಮೇಲೆಲ್ಲ ತೌಡು. ಗಿರಣಿ ನಿಲ್ಲಿಸಿದ ಮೇಲೆ ಕೇಳಿದೆ, "ಮಾವ, ಹೂಳಿದ ಸಮಾಧಿ ತೆಗೀಬಹುದೇನ್ರಿ?"

ಅವರು ಹುಬ್ಬಿನ ತೌಡು ಒರೆಸಿಕೊಂಡು ನನ್ನ ಮುಖ ನೋಡಿದರು. ಅರ್ಥವಾಯಿತೋ ಇಲ್ಲವೋ ತಿಳಿಯದು. "ತೆಗೀಬಹುದು ಯವ್ವಾ. ಹಾರಿ ಗುದ್ದಲಿ ಇದ್ರ ಯಾಕಾಗಂಗಿಲ್ಲ? ಆದ್ರ ಮತ್ತ ಯಾವ ಸಂಸ್ಥಾನದವರೂ ನಿಮ್ಮ ಅಂಗಡಿ ಮೆಟ್ಲ ಹತ್ತಂಗಿಲ್ಲ. ಹೆಣದ ಮ್ಯಾಲಿನ ಬಟ್ಟಿ ಬಿಚ್ಚಿದ ಮನಿ ಅಂತಾರ. ಮದವಿ ಸೀರಿ ಅಂಥ ಮನ್ಯಾಗ ಯಾರು ತಗೋತಾರ?" ಎಂದರು.

ಆಮೇಲೆ ಬೇರೆ ಮಾತು ತೆಗೆದರು. ಪಂಪಣ್ಣ ವಕೀಲರ ಹಿಂದೆ ಅಲೆಯುತ್ತಿದ್ದಾನೆ, ಅಂಗಡಿ ಮುಚ್ಚಿದರೆ ಹೆಸರು ಹೋಗುತ್ತದೆ, ಕೇಸು ಮುಗಿಯುವ ತನಕ ನೀನೇ ತೆರೆ ಎಂದರು. ಪಂಪಣ್ಣನಿಗೂ ಹೇಳಿ ಕಳಿಸುತ್ತಾರಂತೆ. ನನಗೆ ಈ ವಯಸ್ಸಿನಲ್ಲಿ ಅಂಗಡಿಯ ಹೊರೆ ಬೇರೆ. ಬೇಡ ಎನ್ನಲೂ ತ್ರಾಣವಿಲ್ಲ. ಅದಾಲತ್ತಿನವರು ಹೇಗೂ ಬಿಟ್ಟುಬಿಡುತ್ತಾರೆ, ಸಾಕ್ಷಿ ಎಲ್ಲಿದೆ ಎಂದು ಮಾವ ಹೇಳಿದ್ದು ಸ್ವಲ್ಪ ಸಮಾಧಾನ.

ಜ್ಯೇಷ್ಠ ಶುದ್ಧ ಪಂಚಮಿ. ರಾಯಚೂರು

ಬರೆಯಲು ಬಿಡುವಿರಲಿಲ್ಲ. ಕಾಲು ನೋವು ಜಾಸ್ತಿಯಾಗಿದೆ. ಆದರೂ ಇವತ್ತಿನದು ಬರೆಯಬೇಕು.

ಜಾಗೀರದಾರರ ಮನೆಯ ಉಮ್ಮೇ ಕುಲ್ಸುಮ್ ಬೇಗಮ್ ಮಗಳು ಜೈನಾಬ್‌ಳ ನಿಕಾಹಿನ ಬಟ್ಟೆಗೆ ಬಂದಿದ್ದರು. ಅಂಗಡಿಯಲ್ಲಿ ಹೆಂಗಸು ಕೂತದ್ದು ನೋಡಿ, ಪರದೆಯ ಹಿಂದೆ ಕೂರುವ ಬದಲು ಸೀದಾ ಒಳಗೆ ಬಂದರು. ನಾನು ಬಾಗಿಲು ಹಾಕಿಸಿ, ಮೇಲಿನ ಕಿಟಕಿ ತೆರೆಸಿ, ಹುಡುಗಿಯ ಹೆಗಲ ಮೇಲೆ ಒಂದೊಂದಾಗಿ ಹಾಕಿ ತೋರಿಸಿದೆ. ಗಿಣಿಹಸಿರಿಗೆ ಕುಂಕುಮದ ಅಂಚು ಹಾಕಿದಾಗ ಜೈನಾಬ್ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ಬುರ್ಖಾದಾಗಿಂದ ಬಣ್ಣ ನೋಡಿ ನೋಡಿ ಬೇಜಾರಾಗಿತ್ತು. ಇಷ್ಟು ದಿನ ಎಲ್ಲಿದ್ರಿ ಮಹಾಂತಮ್ಮಾ ನೀವು?" ಎಂದರು ಬೇಗಮರು.

ಎಲ್ಲಿದ್ದೆ ಎಂದರೆ ಏನು ಹೇಳಲಿ? ಹಿಂದಿನ ಕೋಣೆಯಲ್ಲಿದ್ದೆ. ಮದುವೆಯ ಬಟ್ಟೆ ಪೂರಾ ನಮಗೇ ಒಪ್ಪಿಸಿದರು, ನೆಂಟರಿಗೂ ಹೇಳುತ್ತಾರಂತೆ. ಅಪ್ಪ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಪಾಪ ಅನ್ನಿಸಿತು.

ವಿಧವೆಯ ಬೋಳು ಸೀರೆ ಉಟ್ಟು ಮದುವೆಯ ಗಿರಾಕಿಗಳ ಮುಂದೆ ಕೂರುವುದು ಅಂಗಡಿಗೆ ಶೋಭೆಯಲ್ಲ. ಸಣ್ಣ ಅಂಚಿನ ಬೂದು ಸೀರೆಯೊಂದನ್ನು ತೆಗೆದಿಟ್ಟುಕೊಂಡೆ. ಅಂಗಡಿಯ ಸಲುವಾಗಿ.

ಆಷಾಢ ಶುದ್ಧ ದಶಮಿ

ಆರು ಮನೆಯ ಹೆಂಗಸರು ಬಂದರು. ಬೆನ್ನು ಮುರಿದು ಹೋಗಿದೆ. ನಿನ್ನೆ ಅಮರಪ್ಪನ ಕೇಸಿನ ತಾರೀಖು ಇತ್ತಂತೆ. ಯಾರೂ ನೆನಪು ಮಾಡಲಿಲ್ಲ.

ಶ್ರಾವಣ ಶುದ್ಧ ತ್ರಯೋದಶಿ

ಬಸಲಿಂಗಮ್ಮ ದೇವದುರ್ಗದಿಂದ ನೇಯ್ದ ಸೀರೆ ಹೊತ್ತು ತಂದಿದ್ದಳು. ಬಾಗಿಲಲ್ಲಿ ನಿಂತಿದ್ದಳಂತೆ, ಸಂಸ್ಥಾನದ ಸೀರೆಗಳನ್ನು ಮಡಿಚುತ್ತಿದ್ದೆ, ನೋಡಲಿಲ್ಲ. ಮಡಿಕೆ ನಡುವೆ ಬಿಟ್ಟರೆ ಜರ ಮುರಿಯುತ್ತದೆ. ಮುಗಿಸಿ ತಲೆ ಎತ್ತಿದಾಗ ಪಾಪ ಕಾಲು ಬದಲಿಸುತ್ತಿದ್ದಳು.

ಒಳಗೆ ಕರೆದೆ. ಗಂಟು ಕೆಳಗಿಟ್ಟು ಮೆಲ್ಲಗೆ ಹೇಳಿದಳು, "ಅಕ್ಕಾರ, ತೀರಿದ ದಿನ ಮಾವಾರನ್ನ ಕುಂದ್ರಿಸಿದಾಗ ನಾ ಬಾಜೂಕ್ಕ ಇದ್ನಿರಿ. ತಲಿ ಭಾಳ ದೊಡ್ಡದು ಕಾಣ್ತಿತ್ತು. ಬಿಳೇ ರುಮಾಲು ಒಂದ ಅಷ್ಟು ದಪ್ಪ ಆಗಂಗಿಲ್ಲ."

ರೇಷ್ಮೆಯ ತಕ್ಕಡಿ ಹತ್ತಿರ ಎಳೆದುಕೊಂಡೆ. "ವಿಭೂತಿ ಹೂವು ಭಾಳ ಇದ್ವು" ಎಂದೆ.

"ನಾ ಯಾರ ಮುಂದೂ ಅಂದಿಲ್ರಿ. ನಾ ಅಂದ್ರ ಗಂಡನ್ನ ಬಿಡಿಸ್ಕೊಳ್ಳಾಕ ಕಥಿ ಕಟ್ಯಾಳ ಅಂತಾರ. ನಿಮ್ಮ ಬಾಯಾಗಿಂದ ಬರಬೇಕ್ರಿ ಅದು. ಅವರು ನಿಮ್ಮನ್ನ ಅವ್ವಾ ಅಂತ ತಿಳಕೊಂಡಾರ."

ಅವಳು ಅಳಲಿಲ್ಲ, ಗದ್ದಲ ಮಾಡಲಿಲ್ಲ. ಗದ್ದಲ ಮಾಡಿದ್ದರೆ ಬೈದು ಕಳಿಸಬಹುದಿತ್ತು. ನನಗೆ ಅವಳ ಮೇಲೆ ಸಿಟ್ಟು ಬಂತು, ಯಾಕೆಂದು ತಿಳಿಯದು. ಮುಂದಿನ ಸೀರೆಗಳಿಗೆ ರೇಷ್ಮೆ ತೂಗಿ ಕೊಟ್ಟೆ. "ಮಗ್ಗ ನಿಲ್ಲಬಾರ್ದು ನೋಡು, ದಸರಾಕ್ಕ ಹದಿನಾಲ್ಕು ಸೀರಿ ಕೊಡಬೇಕು" ಎಂದೆ. ಅವಳು ಹೂಂ ಎಂದು ಹೊತ್ತುಕೊಂಡು ಹೋದಳು. ಕುಡಿಯಲು ನೀರು ಕೊಡುವುದು ಮರೆತೆ.

ಅದಾಲತ್ತಿನಲ್ಲಿ ನನ್ನನ್ನು ಕರೆಸುತ್ತಾರಂತೆ. ಅಲ್ಲಿ ಹೇಳಿದರಾಯಿತು. ಅದೇ ಸರಿಯಾದ ಜಾಗ.

ಭಾದ್ರಪದ ಬಹುಳ ಚೌತಿ

ಮುಗಿಯಿತು.

ಅದಾಲತ್ತಿನಲ್ಲಿ ಸೆಖೆ. ಮೊಣಕಾಲು ಹಿಡಿದುಕೊಂಡಿತ್ತು. ಲಿಂಗ ಮುಟ್ಟಿ ಪ್ರಮಾಣ ಮಾಡಿಸಿದರು. ಪಂಪಣ್ಣನ ವಕೀಲರು ಕೇಳಿದರು, "ದಿನಾ ತಂದಿಗೆ ರುಮಾಲು ಸುತ್ತಾಕಿ ನೀವ. ಆ ಜರದ ರುಮಾಲು ಕಡೀ ಸಲ ಯಾವಾಗ ನೋಡಿದ್ರಿ?"

ಹೇಳಬೇಕೆಂದೇ ಹೋಗಿದ್ದೆ. ಬಾಯಿ ತೆರೆದೆ. ಕೆಳಗೆ ಕೂತಿದ್ದ ಜನರಲ್ಲಿ ಇಬ್ಬರು ಸಂಸ್ಥಾನದ ಕಾರಭಾರಿಗಳು ಕಂಡರು. ದಸರೆಯ ಸೀರೆ ಇನ್ನೂ ಒಪ್ಪಿಸಿಲ್ಲ. ಮಾವನ ಮಾತು ನೆನಪಾಯಿತು, ಮನೆತನ ಎಂದರೆ ಒಬ್ಬನದಲ್ಲವಲ್ಲ. "ಹ್ವಾದ ದಸರಾಕ್ಕ" ಎಂದೆ.

ಅಮರಪ್ಪನ ವಕೀಲರು ಎದ್ದು ಏನೋ ಕೇಳಲು ಬಂದರು. ಆಗ ಅಮರಪ್ಪನೇ ಕಟಕಟೆಯಿಂದ ತಡೆದ. ತೆಳ್ಳಗಾಗಿದ್ದ. "ಹುಜೂರ್, ನಮ್ಮಕ್ಕನ್ನ ಕೂಡ್ರಸ್ರಿ, ಆಕೀಗೆ ಮೊಣಕಾಲು ನೋವು ಅದ. ಆಕಿ ಸುಳ್ಳು ಹೇಳಾಕಿ ಅಲ್ಲ. ಆಕಿ ನೋಡಿಲ್ಲಂದ್ರ ನೋಡಿಲ್ಲ" ಎಂದ.

ನನಗೆ ಕುರ್ಚಿ ಕೊಟ್ಟರು. ಅವನಿಗೆ ಎರಡು ವರ್ಷ ಕೊಟ್ಟರು.

ಅವ್ವನಿಗೆ ಹೇಳುವ ಕೆಲಸವೂ ನನಗೇ ಬಂತು. ಅವ್ವ ಗೋಡೆ ಕಡೆ ತಿರುಗಿ ಮಲಗಿದಳು. ಕುರ್ಚಿಯ ಮಾತು ಅವಳಿಗೆ ಹೇಳಲಿಲ್ಲ.

ಆಶ್ವಯುಜ ಶುದ್ಧ ದ್ವಾದಶಿ

ದಸರೆಯ ಸೀರೆಗಳು ಹೋದವು. ಎಲ್ಲ ಕಡೆಯಿಂದ ಹೊಗಳಿಕೆ. ಮಾವ ಪಂಪಣ್ಣನಿಗೆ ಹೊಸದೊಂದು ರುಮಾಲು ಸುತ್ತಿ ಹೋದರು. ಅದನ್ನು ಸುತ್ತಿಕೊಂಡು ಇಂದು ಅಂಗಡಿಗೆ ಬಂದು ಬಾಗಿಲಲ್ಲಿ ನಿಂತ. ನಾನು ಮಡಿಚಿ ಮುಗಿಸುವ ತನಕ ಕಾದ, ಅಷ್ಟಾದರೂ ಮರ್ಯಾದೆ ಕಲಿತಿದ್ದಾನೆ. ಕೇಸು ಮುಗಿಯಿತು, ಇನ್ನು ಅಂಗಡಿಯ ಕೀಲಿ ಕೊಡು ಎಂದ. ಗಿರಾಕಿಗಳು ಕೇಳುವುದು ನನ್ನನ್ನು, ಕೀಲಿ ಇವನಿಗೇಕೆ? "ನೀ ಉಂಡು ಕುಂದರು ಪಂಪಣ್ಣ" ಎಂದೆ. ಯಾಕೋ ಮುಖ ಸಣ್ಣದು ಮಾಡಿಕೊಂಡು ಹೋದ. ಈ ಮನೆಯಲ್ಲಿ ಒಳ್ಳೆಯ ಮಾತಿಗೂ ಮುನಿಸು.

ಮಾರ್ಗಶಿರ ಶುದ್ಧ ಸಪ್ತಮಿ

ಚಂದ್ರಬಂಡದಿಂದ ಈಗ ಬಂದೆ. ಅಪ್ಪನ ಸಮಾಧಿಗೆ ಕಲ್ಲಿನ ಗದ್ದಿಗೆ ಕಟ್ಟಿಸಿದೆ. ಮಳೆಗೆ ಮಣ್ಣು ಕುಸಿದಿತ್ತು, ನಾಯಿ ಕೆದರಿದ ಗುರುತು ಇತ್ತು. ದೇವದುರ್ಗದ ಕಡೆಯಿಂದ ಒಂದೇ ಚಪ್ಪಡಿ ತರಿಸಿ, ಎರಡು ಜೊತೆ ಎತ್ತು ಕಟ್ಟಿ ಎಳೆಸಿ, ಹಾರೆಕೋಲು ಹಾಕಿ ಕೂರಿಸಿದರು. ಸುತ್ತ ಗಚ್ಚು ಬಳಿಸಿದೆ. ಅವ್ವ ಕೈಯಿಂದ ತಡವಿ, "ಭಾಳ ದೊಡ್ಡದಾತು ಮಹಾಂತಿ" ಎಂದಳು. ಅಪ್ಪನಂಥ ಅಪ್ಪನಿಗೆ ಸಣ್ಣದು ಹಾಕಲು ಆಗುತ್ತದೆಯೇ?

ಬಸಲಿಂಗಮ್ಮ ಬಂದಿದ್ದಳು. ಚಪ್ಪಡಿ ಕೂರುವುದನ್ನು ಕೊನೆಯ ತನಕ ನಿಂತು ನೋಡಿದಳು. ಕೆಲಸದವರು ಕೈ ತೊಳೆಯಲು ಹೋದಾಗ ಹತ್ತಿರ ಬಂದಳು.

"ಇನ್ನ ಇದು ಏಳಂಗಿಲ್ಲೇನ್ರಿ ಅಕ್ಕಾರ?"

"ಏಳಂಗಿಲ್ಲ" ಎಂದೆ.

ಅವಳು ಸೆರಗಿನಿಂದ ಒಂದು ಸಣ್ಣ ಗಂಟು ತೆಗೆದು ನನ್ನ ಕೈಯಲ್ಲಿಟ್ಟಳು. ಬಿಳಿ ಹತ್ತಿಯ ರುಮಾಲು, ಅವಳೇ ನೇಯ್ದದ್ದು. "ಜೇಲಿನಾಗ ನೋಡಾಕ ಹೋಗಿದ್ನಿರಿ. ಹೊರಗ ಬಂದ ದಿನ ಇದನ್ನ ಅಕ್ಕನ ಕೈಲೇ ಸುತ್ತಿಸ್ಕೋಬೇಕು ಅಂದ್ರು. ಅಲ್ಲೀತನಾ ತಲಿಗೆ ಏನೂ ಸುತ್ತಂಗಿಲ್ಲಂತ" ಎಂದಳು. ನನ್ನ ಉತ್ತರಕ್ಕೆ ಕಾಯದೆ ಬಸ್ಸಿನ ದಾರಿ ಹಿಡಿದಳು.

ಮನೆಗೆ ಬಂದು ರುಮಾಲನ್ನು ಬೆಳಕಿಗೆ ಹಿಡಿದು ನೋಡಿದೆ. ಎಲ್ಲಿಯೂ ಎಳೆ ತಪ್ಪಿಲ್ಲ, ಒಳ್ಳೆಯ ಕೈ ಅವಳದು. ಮಡಿಚಲು ಹೋದರೆ ಬೆರಳುಗಳು ತಾವಾಗಿ ಸುತ್ತಲು ಶುರು ಮಾಡಿದವು, ಎದುರಿಗೆ ತಲೆಯೇ ಇಲ್ಲ. ಕೂತಲ್ಲೇ ಅಳು ಬಂತು. ಬಹಳ ಹೊತ್ತು ನಿಲ್ಲಲಿಲ್ಲ. ಅಪ್ಪನ ನೆನಪಿಗೆ ಇರಬೇಕು.

ಆಮೇಲೆ ಅದನ್ನು ಅಪ್ಪನ ಸಂದೂಕದಲ್ಲಿಟ್ಟು ಕೀಲಿ ಹಾಕಿದೆ. ಗದ್ದಿಗೆ ಚೆನ್ನಾಗಿ ಕೂತಿದೆ. ಇವತ್ತಾದರೂ ನಿದ್ದೆ ಬರಬೇಕು.